ಟೆಂಡರಿನ ಹಿಂದಿದ್ದ ಗಂಡಸು

ಟೆಂಡರಿನಲ್ಲಿ ಹೆಂಗಸಿನ ಹೆಸರಿದ್ದರೆ ಅದರ ಹಿಂದೆ ಒಬ್ಬ ಗಂಡಸು ಇದ್ದೇ ಇರುತ್ತಾನೆ ಎಂದು ಆಗ ಎಲ್ಲರೂ ನಂಬಿದ್ದರು. ಎಂ.ಎ. ಮಾಡಿದ್ದ ನಾನು ಸ್ವಲ್ಪ ಹೆಚ್ಚಾಗಿಯೇ ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯಿಂದ ಬಹಳ ವರ್ಷ ನಾನು ಊರಿನ ಚರಂಡಿ, ಮೋರಿ, ಗೋಡೆ ಕಟ್ಟಿಸುವ ಒಂದು ಕಚೇರಿಯಲ್ಲಿ ಟೆಂಡರ್ ಗುಮಾಸ್ತನಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಇವುಗಳಲ್ಲಿ ಯಾವ ಊರು ಎಂದು ಹೇಳುವುದಿಲ್ಲ. ಹೇಳದಿದ್ದರೆ ನಾಲ್ಕೂ ಊರಿನವರು ಇದು ಪಕ್ಕದ ಊರಿನ ಕಥೆ ಎಂದುಕೊಂಡು ನೆಮ್ಮದಿಯಾಗಿ ಓದುತ್ತಾರೆ. ಅಂಥ ಕಚೇರಿಯಲ್ಲಿ ನಗುವುದಕ್ಕೆ ಯಾರೂ ಕಷ್ಟಪಡಬೇಕಿಲ್ಲ. ಮೇಲಿನಿಂದ ಒಂದು ಸುತ್ತೋಲೆ ಬಂದರೆ ಸಾಕು.

೧. ಅನುಭವ

ಸಣ್ಣ ಕಾಮಗಾರಿಗಳಲ್ಲಿ ಒಂದು ಪಾಲನ್ನು ಮಹಿಳಾ ಗುತ್ತಿಗೆದಾರರಿಗೆ ಕೊಡಬೇಕು ಎಂದು ಸುತ್ತೋಲೆ ಬಂತು. ನಮ್ಮ ಪಟ್ಟಿಯಲ್ಲಿ ಮಹಿಳೆ ಎನ್ನುವವರು ಒಬ್ಬರೂ ಇರಲಿಲ್ಲ. ಹದಿನೈದು ದಿನದಲ್ಲಿ ಒಂಬತ್ತು ಜನರಾದರು. ಒಂಬತ್ತೂ ಜನ ಹಳೆಯ ಗುತ್ತಿಗೆದಾರರ ಮನೆಯ ಹೆಂಗಸರು.

ಹಳಬರಲ್ಲಿ ಎಲ್ಲರಿಗಿಂತ ದೊಡ್ಡವನೊಬ್ಬನಿದ್ದ. ಊರಿನ ಅರ್ಧ ಗೋಡೆಗಳು ಅವನು ಕಟ್ಟಿದವು, ಬಿದ್ದವೂ ಅವೇ. ಅವನು ನನ್ನ ಮೇಜಿನ ಮುಂದೆಯೇ ಕೂತು ಹೆಂಡತಿಯ ಹೆಸರಿನ ಅರ್ಜಿ ತುಂಬಿದ. 'ಅನುಭವ' ಎಂಬ ಕಲಮಿನ ಹತ್ತಿರ ಪೆನ್ನು ನಿಂತಿತು.

"ಇಲ್ಲಿ ಏನು ಬರೀಲಿ ಸಾರ್?"

"ಇದ್ದದ್ದು ಬರೀರಿ."

'ಮದುವೆಯಾಗಿ ಹದಿನೇಳು ವರ್ಷ' ಎಂದು ಬರೆದ.

"ಕಟ್ಟಡದ ಅನುಭವ ಕೇಳ್ತಾರೆ ಕಣ್ರೀ."

"ನಾನು ಕಟ್ಟಿದ್ದನ್ನ ಹದಿನೇಳು ವರ್ಷದಿಂದ ಬಯ್ಯಾಕತ್ತಾಳೆ ಸಾರ್. ನಿಮ್ಮ ಇಂಜಿನಿಯರು ಒಂದು ದಿನಾನೂ ಬೈದಿಲ್ಲ. ಯಾರಿಗೆ ಅನುಭವ ಜಾಸ್ತಿ ಐತೆ ಹೇಳ್ರಿ."

ಅರ್ಜಿ ಹಾಗೆಯೇ ಮಂಜೂರಾಯಿತು.

೨. ದರ ಇಳಿಕೆ

ಒಂದು ಕೆಲಸಕ್ಕೆ ಕನಿಷ್ಠ ಮೂರು ಟೆಂಡರ್ ಇರಬೇಕೆಂಬುದು ನಿಯಮ. ಸಂತೆ ಮೈದಾನದ ಗೋಡೆ ಮಹಿಳೆಯರ ಪಾಲಿಗೆ ಬಂದಾಗ ಆ ದೊಡ್ಡ ಗುತ್ತಿಗೆದಾರ ಮೂರನ್ನೂ ತಾನೇ ಹಾಕಿದ. ಹೆಂಡತಿಯದು ಒಂದು, ತಾಯಿಯದು ಒಂದು, ಅತ್ತಿಗೆಯದು ಒಂದು. ಹೆಂಡತಿಯ ದರ ಎಲ್ಲಕ್ಕಿಂತ ಕಡಿಮೆ, ಆದರೆ ಲಾಭಕ್ಕೆ ತೊಂದರೆ ಇಲ್ಲ. ಮನೆಯೊಳಗೇ ಮುಗಿಯುವ ಲೆಕ್ಕ.

ಟೆಂಡರ್ ತೆರೆಯುವ ದಿನ ಹಾಕಿದವರು ಖುದ್ದಾಗಿ ಬರಬೇಕೆಂದು ನಮ್ಮ ಸಾಹೇಬರು ಹಟ ಹಿಡಿದರು. ಅತ್ತೆ, ಸೊಸೆ ಬಂದರು. ಅತ್ತಿಗೆಗೆ ಜ್ವರ. ಲಕೋಟೆ ಒಡೆದ ಮೇಲೆ ಸಾಹೇಬರು ರೂಢಿಯಂತೆ ಕೇಳಿದರು. "ದರ ಇನ್ನೂ ಸ್ವಲ್ಪ ಇಳಿಸ್ತೀರೇನಮ್ಮ?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಗಂಡ ಹಾಗೆ ಹೇಳಿಕೊಟ್ಟಿದ್ದ. ಅತ್ತೆಗೆ ಹೇಳಿಕೊಡುವುದನ್ನು ಮರೆತಿದ್ದ.

"ಅವಳಿಗಿಂತ ಐದುನೂರು ಕಮ್ಮಿ ಬರ್ಕಳ್ರಿ ನಂದು" ಎಂದಳು ಅತ್ತೆ. "ಮನೆಯಾಗೇ ದುಂದು ಮಾಡಾಳು, ಗೋಡೆ ಹೆಂಗೆ ಕಟ್ಟಿಸ್ತಾಳೆ?"

"ನಂದು ಸಾವಿರ ಕಮ್ಮಿ" ಎಂದಳು ಸೊಸೆ. "ದುಂದು ಯಾರದ್ದು ಅಂತ ಊರಿಗೇ ಗೊತ್ತೈತೆ."

ಗುತ್ತಿಗೆದಾರ "ಅವ್ವಾ, ಸುಮ್ಕಿರು" ಎಂದ. ಅವ್ವ ಇನ್ನೊಂದು ಐದುನೂರು ಇಳಿಸಿದಳು. ಅವನು ಹೆಂಡತಿಯ ಕಡೆ ನೋಡಿದ. ಅದನ್ನು ಅವಳು ತಾಯಿಯ ಪಕ್ಷ ವಹಿಸಿದ ಲಕ್ಷಣ ಎಂದುಕೊಂಡು ಎರಡು ಸಾವಿರ ಇಳಿಸಿದಳು. ಸಾಹೇಬರು ಸರ್ವೀಸಿನಲ್ಲಿ ಮೊದಲ ಸಲ ಕನ್ನಡಕ ಹಾಕಿಕೊಂಡು ನಡಾವಳಿ ಬರೆದರು.

ಆ ಗೋಡೆ ಕಟ್ಟಿ ಮುಗಿಸುವಷ್ಟರಲ್ಲಿ ಅವನು ತನ್ನ ಮೋಟಾರು ಸೈಕಲ್ ಮಾರಿದ. ಮನೆಯಲ್ಲಿ ಮಾತ್ರ ಗೆದ್ದವಳು ಸೊಸೆ.

೩. ಮೀಸೆ

ಅದಾದ ಮೇಲೆ ಪೇಟೆಯ ಚರಂಡಿ ಕೆಲಸಕ್ಕೆ ಅವನು ಹುಷಾರಾಗಿ, ದರ ಏರಿಸಿ ಹೆಂಡತಿಯ ಹೆಸರೊಂದರಲ್ಲೇ ಹಾಕಿದ. ಕೆಲಸ ಕೈತಪ್ಪಿತು. ಪಡೆದವಳು ಪಟ್ಟಿಗೆ ಹೊಸದಾಗಿ ಸೇರಿದ್ದ ಹತ್ತನೆಯವಳು, ತ್ಯಾವಣಿಗೆ ಕಡೆಯ ಒಬ್ಬ ವಿಧವೆ. ತೀರಿಹೋದ ಗಂಡ ಗಾರೆ ಮೇಸ್ತ್ರಿ ಆಗಿದ್ದನಂತೆ. ಆಕೆ ಯಾವಾಗ ಬಂದರೂ ಜೊತೆಗೆ ಆರಡಿ ಎತ್ತರದ ಒಬ್ಬ ಗಂಡಸು ಇರುತ್ತಿದ್ದ. ಬಿಳಿ ಶರ್ಟು, ಕೆನ್ನೆಯವರೆಗೆ ಮೀಸೆ. ಅಣ್ಣನೋ, ಮೈದುನನೋ, ಯಾರೂ ಕೇಳಲಿಲ್ಲ. ಗಂಡಸು ಇದ್ದ, ನಮಗೆ ಅಷ್ಟು ಸಾಕಾಗಿತ್ತು.

ಇಂಜಿನಿಯರು ಅವನಿಗೆ ಕುರ್ಚಿ ಹಾಕಿಸುತ್ತಿದ್ದರು. ಆಕೆ ಗೋಡೆ ಪಕ್ಕ ನಿಂತಿರುತ್ತಿದ್ದಳು.

"ಜಲ್ಲಿ ಎಲ್ಲಿಂದ ತರಿಸ್ತೀರಿ?" ಎಂದು ಅವನನ್ನು ಕೇಳುತ್ತಿದ್ದರು.

ಅವನು ಆಕೆಯ ಕಡೆ ತಿರುಗುತ್ತಿದ್ದ. "ಸವಳಂಗದ ಕಡೆಯಿಂದ" ಎನ್ನುತ್ತಿದ್ದಳು ಆಕೆ.

"ಇಳಿಜಾರು ಎಷ್ಟು ಕೊಡ್ತೀರಿ?"

ಮತ್ತೆ ತಿರುಗುತ್ತಿದ್ದ. ಆಕೆ ಅದನ್ನೂ ಹೇಳುತ್ತಿದ್ದಳು. ಇಂಜಿನಿಯರು ಬರೆದುಕೊಂಡು ಅವನಿಗೆ "ಒಳ್ಳೇದು" ಎನ್ನುತ್ತಿದ್ದರು.

ಅವನದು ಗತ್ತು ಬೇರೆ. ಮಧ್ಯಾಹ್ನ ಒಂದಾದರೆ ಮಾತಿನ ನಡುವೆಯೇ ಎದ್ದು ಊಟಕ್ಕೆ ಹೋಗುತ್ತಿದ್ದ. ಐದು ಹೊಡೆದರೆ ಸಾಹೇಬರು ಎದುರಿಗಿದ್ದರೂ ಹೊರಟುಬಿಡುತ್ತಿದ್ದ.

"ಮಾತು ಕಡಿಮೆ, ಕೆಲಸ ಪೂರ್ತಿ ಗೊತ್ತಿರೋ ಮನುಷ್ಯ" ಎಂದು ಇಂಜಿನಿಯರು ನನಗೆ ಹೇಳಿದರು. ನಾನೂ ಹೌದೆಂದೆ.

೪. ಐದು ಗಂಟೆ

ಗೋಡೆಯಲ್ಲಿ ಕೈ ಸುಟ್ಟುಕೊಂಡಿದ್ದ ದೊಡ್ಡ ಗುತ್ತಿಗೆದಾರ ಜಿಲ್ಲೆಗೆ ದೂರು ಬರೆದ. ಆ ಹೆಂಗಸು ಬರೀ ಬೇನಾಮಿ, ಹಿಂದೆ ಇರುವವನು ಆ ಮೀಸೆಯವನು, ಇದು ಮಹಿಳೆಯರಿಗೆ ಮಾಡಿದ ಅನ್ಯಾಯ ಎಂದು. ಕೊನೆಯ ಮಾತನ್ನು ಬರೆಯುವಾಗ ಅವನಿಗೆ ನಗು ಬಂದಿರಲಾರದು. ಇಂಥವರು ಬರೆಯುವಾಗ ನಗುವುದಿಲ್ಲ.

ತನಿಖೆಗೆ ದಿನ ಗೊತ್ತಾಯಿತು. ಆಕೆ ನನ್ನ ಮೇಜಿನ ಹತ್ತಿರ ಬಂದಳು.

"ಗುಮಾಸ್ತರೆ, ಕೆಲಸ ಕಿತ್ಕಂತಾರಾ?"

"ಬೇನಾಮಿ ಅಂತ ಸಾಬೀತಾದರೆ ಕಿತ್ಕೋತಾರೆ. ಪಟ್ಟಿಯಿಂದ ಹೆಸರೂ ಹೋಗುತ್ತೆ."

"ಅರ್ಧ ಚರಂಡಿ ಆಗೈತೆ. ಹನ್ನೆರಡು ಜನ ಹೆಣ್ಮಕ್ಳು ನನ್ನ ನಂಬ್ಕಂಡು ಬಂದಾರೆ."

"ಇದ್ದದ್ದು ಇದ್ದಂಗೆ ಹೇಳಿಬಿಡಿ" ಎಂದೆ. ಇದ್ದದ್ದು ಏನೆಂದು ನನಗೆ ಗೊತ್ತು ಎಂಬ ಧೈರ್ಯದಲ್ಲಿ ಹೇಳಿದ ಮಾತು ಅದು.

ತನಿಖಾಧಿಕಾರಿ ಬಂದು ಮೀಸೆಯವನನ್ನು ಕುರ್ಚಿಯಲ್ಲಿ ಕೂರಿಸಿದರು. ಆಕೆ ಗೋಡೆ ಪಕ್ಕ ನಿಂತಳು. ತಿರುಗಿ ನೋಡಬಾರದು ಎಂದು ಅವನಿಗೆ ಕಟ್ಟಪ್ಪಣೆ ಆಯಿತು. ಆಮೇಲೆ ಪ್ರಶ್ನೆ. ಸಿಮೆಂಟು ಎಷ್ಟಕ್ಕೆ ಎಷ್ಟು? ಮೌನ. ಅಡಿಪಾಯ ಎಷ್ಟು ಆಳ? ಮೌನ. ಎರಡು ಗಂಟೆ ಹೀಗೆಯೇ ಹೋಯಿತು. "ಗಟ್ಟಿ ಆಸಾಮಿ" ಎಂದು ಇಂಜಿನಿಯರು ನನ್ನ ಕಿವಿಯಲ್ಲಿ ಹೇಳಿದರು.

ಗೋಡೆ ಗಡಿಯಾರ ಐದು ಹೊಡೆಯಿತು. ಅವನು ಎದ್ದ.

"ಏಯ್, ಕೂತ್ಕೋ. ತನಿಖೆ ಮುಗಿದಿಲ್ಲ."

ಅವನು ಅಪ್ಪಣೆ ಮೀರಿ ತಿರುಗಿದ. "ಹೆಚ್ಚಿಗೆ ಕುಂದ್ರಬೇಕಾ ಅಕ್ಕಾರೆ?"

"ಕುಂದ್ರು. ಅರ್ಧ ದಿನದ ಕೂಲಿ ಸೇರಿಸಿ ಕೊಡ್ತೀನಿ" ಎಂದಳು ಆಕೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಇವನು ನಿಮಗೆ ಏನಾಗಬೇಕಮ್ಮ?"

"ಏನೂ ಆಗಬೇಕಿಲ್ಲ ಸಾಹೇಬ್ರೆ. ಯಾವುದೋ ಬೇರೆ ಊರೋನು."

"ಮತ್ತೆ ಜೊತೆಗೆ ಯಾಕೆ ಕರ್ಕೊಂಡು ತಿರುಗ್ತೀರಿ?"

"ಮೊದಲು ಒಬ್ಬಳೇ ಬಂದಿದ್ದೆ. ಮೂರು ದಿನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ರು. ನಾಲ್ಕನೇ ದಿನ ಇಂಜಿನಿಯರ್ ಸಾಹೇಬ್ರು, ಯಾರಾದ್ರೂ ಗಂಡಸರನ್ನ ಕರ್ಕಂಡು ಬಾರಮ್ಮ, ಮಾತಾಡಾಕೆ ಅಂದ್ರು. ಕರ್ಕಂಡು ಬಂದೆ."

ಇಂಜಿನಿಯರು ಕಿಟಕಿಯಾಚೆ ಏನನ್ನೋ ಪರೀಕ್ಷಿಸತೊಡಗಿದರು.

"ಸೈಟಿನಲ್ಲಿ ಏನು ಕೆಲಸ ಮಾಡ್ತಾನೆ?"

"ಅಲ್ಲಿ ಏನೂ ಬರಲ್ಲ ಅವನಿಗೆ. ಮೀಸೆ ನೋಡಿ ಇಟ್ಕಂಡೀನಿ. ಕಲ್ಲು ಹೊರೋರಿಗಿಂತ ಎಂಟಾಣೆ ಜಾಸ್ತಿ ಕೊಡ್ತೀನಿ."

"ಜಾಸ್ತಿ ಯಾಕೆ?"

"ಕಲ್ಲು ಹೊರಾಕೆ ಜನ ಸಿಗ್ತಾರೆ ಸಾಹೇಬ್ರೆ. ಈ ಆಫೀಸಿನಾಗೆ ದಿನಾ ಕುಂದ್ರಾಕೆ ಯಾರೂ ಒಪ್ಪಲಿಲ್ಲ."

ಅಧಿಕಾರಿ ಸಿಮೆಂಟು, ಅಡಿಪಾಯದ ಪ್ರಶ್ನೆಗಳನ್ನು ಮೊದಲಿನಿಂದ ಆಕೆಯನ್ನೇ ಕೇಳಿದರು. ಹತ್ತು ನಿಮಿಷ ಹಿಡಿಯಿತು. ಚರಂಡಿ ಆಕೆಯ ಕೈಯಲ್ಲೇ ಉಳಿಯಿತು. ವರದಿ ಟೈಪು ಮಾಡಿದವನು ನಾನು. ಅದರಲ್ಲಿ ಇದ್ದದ್ದು ಇಷ್ಟು: ಟೆಂಡರಿನ ಹಿಂದೆ ಒಬ್ಬ ಗಂಡಸು ಇರುವುದು ನಿಜ, ಆತ ಆಕೆಯ ದಿನಗೂಲಿ ಆಳು.