ದೊರೆ ಬಂಗಲೆಯ ಜೋಡಿಕುರ್ಚಿ

ನಾನು ಒಂದು ಕಡೆ ನೆಟ್ಟಗೆ ಕೂರುವುದಿಲ್ಲ ಎಂಬುದು ನನ್ನ ಹೆಂಡತಿ ಕೊಟ್ರವ್ವನ ಇಪ್ಪತ್ತು ವರ್ಷದ ದೂರು. ಕೂರುವುದಕ್ಕೆ ಈ ಮನೆಯಲ್ಲಿ ಏನಿದೆ ಎಂಬುದು ನನ್ನ ದೂರು. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಒಂದು ಕರಿ ಕಂಬಳಿ, ಎರಡು ಚಾಪೆ, ಕಾಲು ಮುರಿದ ಒಂದು ಮಣೆ (ಮುರಿದದ್ದು ನಾನಲ್ಲ), ಇಷ್ಟೇ ನಮ್ಮ ಆಸನ ವೈಭವ. ಹತ್ತಿ ಗಿರಣಿಯ ಆಫೀಸಿನಲ್ಲಿ ಹಗಲೆಲ್ಲ ಕುರ್ಚಿಯ ಮೇಲೆ ಕೂರುವ ಮೈಲಾರಲಿಂಗಪ್ಪನೆಂಬ ಗುಮಾಸ್ತ ಸಂಜೆ ಮನೆಗೆ ಬಂದು ನೆಲಕ್ಕಿಳಿಯಬೇಕೆಂದರೆ ಅದು ಹಿಂಬಡ್ತಿಯಲ್ಲವೇ? ಆದ್ದರಿಂದ ನಾನು ಮನೆಯಲ್ಲಿ ಅಡ್ಡಾಡುತ್ತಲೇ ಇರುತ್ತಿದ್ದೆ.

ಹೀಗಿರುವಾಗ ಮಗಳು ಅಂಜಿನವ್ವನಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನ ತಂದೆ ಮಾಳಿಂಗಪ್ಪನವರು ಮಲೆಬೆನ್ನೂರಿನ ಕಡೆ ಭತ್ತ ಬೆಳೆಯುವವರು. ಅವರೆಲ್ಲ ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ನಮ್ಮ ಹುಡುಗಿಯೂ ಒಪ್ಪಿದ್ದಳು. ಅಂದಿನಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಮುಂದಿನ ಭಾನುವಾರ ಅವರು ಬಂದು ವೀಳ್ಯ ಬದಲಾಯಿಸಿದರೆ ಮದುವೆ ಗಟ್ಟಿ.

"ಬಂದವರನ್ನ ಎಲ್ಲಿ ಕೂಡ್ರಿಸಾದು?" ಎಂದೆ.

"ಕಂಬಳಿ ಐತಲ್ರಿ."

"ಕಾಲ ಬದಲಾಗೈತೆ ನೋಡು. ನಮ್ಮ ಮ್ಯಾನೇಜರ ಮನ್ಯಾಗ ಸೋಫಾ ಐತೆ."

"ಅವ್ರಿಗೆ ಮೊಣಕಾಲು ನೋವೂ ಐತೆ. ಅದನ್ನೂ ತರ್ತೀರೇನು?"

ಹರಿಹರದ ಹೊಳೆ ದಂಡೆಯಲ್ಲಿ ಒಂದು ದೊರೆ ಬಂಗಲೆ. ಇಂಗ್ಲಿಷ್ ದೊರೆ ದೇಶ ಬಿಟ್ಟು ಹನ್ನೆರಡು ವರ್ಷವಾದ ಮೇಲೆ ಅದರ ಸಾಮಾನನ್ನೆಲ್ಲ ಬಡೇಸಾಬ್ ಎಂಬ ಹಳೆ ಸಾಮಾನಿನ ವ್ಯಾಪಾರಿ ಎತ್ತಿಕೊಂಡಿದ್ದಾನೆಂದು ಆಫೀಸಿನಲ್ಲಿ ಸುದ್ದಿ ಹಬ್ಬಿತ್ತು. ಕೊಟ್ರವ್ವನನ್ನೂ ಹೊರಡಿಸಿಕೊಂಡು ಹರಿಹರದ ಬಸ್ಸು ಹತ್ತಿದೆ.

ಬಡೇಸಾಬನ ಗೋದಾಮಿನಲ್ಲಿ ಸಾಮ್ರಾಜ್ಯವೇ ಧೂಳು ಹಿಡಿದು ಕೂತಿತ್ತು.

"ಬರ್ರಿ ಸಾಬ್! ಎಲ್ಲಾ ಅಸಲಿ ಮಾಲು. ವಿಕ್ಟೋರಿಯಾ ರಾಣಿ ಜಮಾನದ್ದು!" ಎನ್ನುತ್ತಾ ಅವನು ಮೊದಲು ತೋರಿಸಿದ್ದು ಕೈಗಳಿಲ್ಲದ ಒಂದು ಗಿಡ್ಡ ಕುರ್ಚಿ. ದೊರೆಸಾನಿ ಮಗುವಿಗೆ ಹಾಲು ಕುಡಿಸಲು ಮಾಡಿಸಿದ್ದಂತೆ. "ಇದರಾಗ ಕೂತ್ರೆ ಮಾಳಿಂಗಪ್ಪಾರ ಮೊಣಕಾಲು ಗದ್ದಕ್ಕ ಬಡೀತೈತೆ" ಎಂದಳು ಕೊಟ್ರವ್ವ. ಎರಡನೆಯದು ಉದ್ದನೆಯದು, ಬೆನ್ನಿನ ಒರಗು ಒಂದು ತುದಿಗೆ ಮಾತ್ರ ಇತ್ತು. "ಅರ್ಧಕ್ಕೇ ಬಡಗಿ ಓಡಿಹೋಗ್ಯಾನೇನು?" ಮೂರನೆಯದಕ್ಕೆ ಕಾಲು ಚಾಚಲು ಹಲಗೆಯಂಥ ಎರಡು ಉದ್ದ ಕೈಗಳು. ಅದರ ಮೇಲೆ ಕಾಲಿಟ್ಟು ಒರಗಿ ತೋರಿಸಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, "ಪಂಚೆ ಉಟ್ಟ ಮಂದಿಗೆ ಇದು ಬ್ಯಾಡ್ರೀ, ಏಳ್ರಿ ಮೊದ್ಲು!" ಎಂದಳು.

ನಾಲ್ಕನೆಯದನ್ನು ಕಂಡದ್ದೇ ನಾನು ಸೋತುಹೋದೆ. ಬೀಟೆ ಮರ, ಕೆಂಪು ಮಖಮಲ್ಲು, ಕಾಲಿಗೆ ಹಿತ್ತಾಳೆಯ ಪುಟ್ಟ ಗಾಲಿ. ಒಂದೇ ಪೀಠದಲ್ಲಿ ಎರಡು ಕುಳಿ. ನಡುವೆ ಒರಗು ಹಾವಿನ ಹಾಗೆ ಬಳುಕಿ ಎರಡೂ ಕುಳಿಯನ್ನು ಬಳಸಿಕೊಂಡು ಹೋಗಿತ್ತು. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬಹುದು, ಆದರೆ ಒಬ್ಬನ ಮುಖ ಅತ್ತ, ಇನ್ನೊಬ್ಬನ ಮುಖ ಇತ್ತ.

"ಒಬ್ರು ಬೀದಿ ನೋಡಿದ್ರೆ ಇನ್ನೊಬ್ರು ಹಿತ್ತಲು ನೋಡ್ತಾರಲ್ರಿ!"

"ಅದೇ ಅದರ ಸೊಗಸು. ಬೀಗರಿಬ್ಬರು ಒಟ್ಟಿಗೇ ಕೂಡಬಹುದು, ಒಬ್ಬರ ಕಾಲು ಇನ್ನೊಬ್ಬರಿಗೆ ತಾಗಂಗಿಲ್ಲ," ಎಂದೆ.

"ಒಳಗೇನು ತುಂಬ್ಯಾರ?"

"ಕುದುರೆ ಕೂದಲು, ಅಮ್ಮಾ," ಎಂದ ಬಡೇಸಾಬ್.

"ಯಾರ ಕುದುರಿಯೋ ಏನೋ. ತಿಗಣೆ ಇದ್ರೆ ಅವೂ ರಾಣಿ ಕಾಲದವೇ ಇರ್ತಾವ."

ತಂದೇಬಿಟ್ಟೆ. ಬಾಡಿಗೆ ಎತ್ತಿನ ಗಾಡಿಯಲ್ಲಿ ಆ ಪೀಠವನ್ನೇರಿಸಿ, ಅದರ ಮೇಲೆ ನಾವಿಬ್ಬರೂ ಕೂತು ದಾವಣಗೆರೆಗೆ ಬಂದೆವು. ನಾನು ಎತ್ತುಗಳನ್ನು ನೋಡುತ್ತಿದ್ದೆ, ಅವಳು ಹರಿಹರವನ್ನು ನೋಡುತ್ತಿದ್ದಳು. ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಭಾನುವಾರ ಬಂತು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ವೀಳ್ಯ ಮುಗಿಯಬೇಕು. ಮೂರೂವರೆಗೆ ಮಾಳಿಂಗಪ್ಪನವರು, ಹುಡುಗ, ಮಾಳಿಂಗಪ್ಪನವರ ತಾಯಿ ಮರಿಯವ್ವ ಬಂದರು. ಮರಿಯವ್ವನಿಗೆ ಕಿವಿ ಬಲು ಮಂದ. ಹಾಗಾಗಿ ಅವಳಿಗೆ ಹೇಳಿದ ಮಾತನ್ನು ಓಣಿಯವರೆಲ್ಲ ಕೇಳಬೇಕಿತ್ತು, ಅವಳು ಆಡಿದ ಮಾತನ್ನು ಮುಂದಿನ ಓಣಿಯವರೂ ಕೇಳುತ್ತಿದ್ದರು.

ನಮ್ಮವರಲ್ಲಿ ವೀಳ್ಯದ ಕ್ರಮ ಹೀಗೆ: ಕಂಬಳಿ ಹಾಸಿ, ಹುಡುಗನ ತಂದೆ ಹುಡುಗಿಯ ತಂದೆ ಇಬ್ಬರೂ ಪಕ್ಕಪಕ್ಕದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತು ಎಲೆ ಅಡಿಕೆ ಬದಲಾಯಿಸಬೇಕು. ನಾನು ಹಳೆಯದನ್ನು ಬಿಟ್ಟುಕೊಡುವವನಲ್ಲ. ಕಂಬಳಿಯನ್ನು ಜೋಡಿಕುರ್ಚಿಯ ಮೇಲೆಯೇ ಹಾಸಿದ್ದೆ. ಮಾಳಿಂಗಪ್ಪನವರನ್ನು ಪೂರ್ವದ ಕುಳಿಯಲ್ಲಿ ಕೂರಿಸಿ, ನಾನು ಇನ್ನೊಂದರಲ್ಲಿ ವಿರಾಜಮಾನನಾದೆ. ಅವರು ಎಲೆ ಹಿಡಿದು ನನ್ನ ಕಡೆ ತಿರುಗಿದರು.

"ಇದೇನ್ರಿ, ನೀವು ಪಡುವಣಕ್ಕ ಮುಖ ಮಾಡೀರಲ್ಲ? ಮಾತು ಕೊಡೋ ಹೊತ್ತಿನಾಗ ಸೂರ್ಯ ಮುಳುಗೋ ಕಡಿಗೆ ನೋಡ್ತಾರೇನ್ರಿ?"

ಅಯ್ಯೋ ದೇವರೇ, ಇದು ನನಗೆ ಹೊಳೆದೇ ಇರಲಿಲ್ಲ. "ಒಂದ್ನಿಮಿಷ ರೀ, ಗಾಲಿ ಐತೆ!" ಎಂದು ಎದ್ದು, ಅವರು ಕೂತಿದ್ದ ಹಾಗೆಯೇ ಪೀಠವನ್ನು ಗರ್ರನೆ ತಿರುಗಿಸಿದೆ. ನಾನು ಪೂರ್ವಕ್ಕೆ ಬಂದೆ. ಅವರು ಪಡುವಣಕ್ಕೆ ಹೋದರು.

"ಈಗ ನನ್ನನ್ನ ಮುಳುಗಿಸಿದ್ರೇನು?"

ಕಾಲು ಸುತ್ತು ತಿರುಗಿಸಿದೆ. ಹಿತ್ತಾಳೆಯ ಗಾಲಿಗಳು ಕೀರಲು ದನಿಯಲ್ಲಿ ಕೂಗಿದವು. ನಾನು ಬಡಗಣಕ್ಕೆ, ಅವರು ತೆಂಕಣಕ್ಕೆ.

"ತೆಂಕಣಕ್ಕ ಕೂಡ್ರಾಕ ನಾನು ತಿಥಿಗೆ ಬಂದೀನೇನ್ರಿ?" ಮಾಳಿಂಗಪ್ಪನವರ ಮೂಗಿನ ತುದಿ ಕೆಂಪಾಯಿತು.

"ರೀ, ಕಂಬಳಿ ನೆಲಕ್ಕ ಹಾಸ್ರಿ," ಎಂದು ಕೊಟ್ರವ್ವ ಬಾಗಿಲ ಸಂದಿಯಿಂದ ಹಲ್ಲು ಕಚ್ಚಿ ಹೇಳಿದಳು. ಗಡಿಯಾರ ನಾಲ್ಕು ದಾಟಿತ್ತು. ನನ್ನ ಬುದ್ಧಿಯೂ ಗಾಲಿಯ ಮೇಲೆ ಓಡುತ್ತಿತ್ತು. ಪೀಠವನ್ನು ಮೊದಲಿನಂತೆ ನಿಲ್ಲಿಸಿ, ಅವರನ್ನು ಪೂರ್ವಕ್ಕೆ ಕೂರಿಸಿ, ನನ್ನ ಕುಳಿಯಲ್ಲಿ ನಾನು ಹಿಂದುಮುಂದಾಗಿ ಮೊಣಕಾಲೂರಿ, ಒರಗನ್ನು ತಬ್ಬಿಕೊಂಡು, ಅದರ ಮೇಲಿಂದ ತಲೆ ಎತ್ತಿ ಪೂರ್ವ ದಿಕ್ಕನ್ನು ದಿಟ್ಟಿಸಿ ನೋಡಿದೆ. "ಈಗ ಕೊಡ್ರಿ ಎಲಿ!"

ಮಾಳಿಂಗಪ್ಪನವರು ಎಲೆ ಕೊಡಲಿಲ್ಲ. ನಿಧಾನವಾಗಿ ಎದ್ದು ನಿಂತರು.

"ತಪ್ಪು ತಿಳೀಬ್ಯಾಡ್ರಿ ಮೈಲಾರಲಿಂಗಪ್ಪಾರೆ. ನೀವು ಯಾವಾಗ್ಲೂ ಹಿಂಗೇನಾ? ಇಲ್ಲಾ ಇದು ನಿಮ್ಮ ಮನಿತನದಾಗೇ ಐತಾ?" ಎಂದು ಕೇಳಿ ಮಗನ ಕಡೆ ತಿರುಗಿದರು. "ನಡಿಯಪ್ಪಾ, ಇನ್ನೊಂದಿನ ನೋಡೋಣ. ಬಸ್ಸಿಗೆ ಹೊತ್ತಾತು."

ಇನ್ನೊಂದಿನ ಎಂದರೇನೆಂದು ಹೆಣ್ಣು ಹೆತ್ತವರಿಗೆ ಗೊತ್ತು. ಅಡಿಗೆಮನೆಯ ಬಾಗಿಲಲ್ಲಿ ಅಂಜಿನವ್ವ ಕಣ್ತುಂಬ ನೀರು ತುಂಬಿಕೊಂಡು ನಿಂತಿದ್ದಳು. ಆ ಕುರ್ಚಿಯಲ್ಲಿ ಮೊಣಕಾಲೂರಿದ್ದ ನನಗೆ ಇಳಿಯುವುದೂ ತಿಳಿಯಲಿಲ್ಲ.

ಇಷ್ಟಾದರೂ ಏನೂ ಕೇಳಿಸದ ಮರಿಯವ್ವ, ನಿಂತು ನಿಂತು ಕಾಲು ಸೋತು, ಮಗ ಬಿಟ್ಟೆದ್ದ ಕುಳಿಯಲ್ಲಿ ಹೋಗಿ ಕೂತಳು. ಕೊಟ್ರವ್ವ ಓಡಿಬಂದು ನನ್ನ ರಟ್ಟೆ ಹಿಡಿದು ಇಳಿಸಿ ಇನ್ನೊಂದರಲ್ಲಿ ಕೂತಳು. ಆಗ ಒಂದು ವಿಸ್ಮಯ ಕಂಡೆ. ಆ ಪೀಠದಲ್ಲಿ ಕೂತವರ ಬಾಯಿ ಪಕ್ಕದವರ ಕಿವಿಗೆ ಸರಿಯಾಗಿ ಬರುತ್ತದೆ! ಕೊಟ್ರವ್ವ ಒಂದಿಷ್ಟು ಬಾಗಿ, ಮುದುಕಿಯ ಕಿವಿಯಲ್ಲಿ ಪಿಸಪಿಸ ಏನೋ ಹೇಳತೊಡಗಿದಳು. ಮರಿಯವ್ವ ಹೂಂಗುಟ್ಟಿದಳು. ನನ್ನತ್ತ ನೋಡಿ ಲೊಚಗುಟ್ಟಿದಳು. ಕೊಟ್ರವ್ವನ ಕೆನ್ನೆ ಸವರಿದಳು. ಅನಂತರ ಇಬ್ಬರೂ ಎದ್ದರು. ಮುದುಕಿ ತಾನೇ ಕಂಬಳಿಯನ್ನು ಸರ್ರನೆ ಎಳೆದು ನೆಲಕ್ಕೆ ಹಾಕಿದಳು.

"ಲೇ ಮಾಳಿಂಗಾ! ಕೂಡ್ರೋ ಇಲ್ಲಿ. ಎಲಿ ಬದಲಾಯ್ಸು. ಎಲ್ಲಾ ಸರಿ ಐತೆ."

ತಾಯಿಯ ಮಾತಿಗೆ ಅವರು ಎದುರಾಡುವವರಲ್ಲ. ನೆಲದ ಮೇಲೆ ಪಕ್ಕಪಕ್ಕ, ಇಬ್ಬರೂ ಪೂರ್ವಕ್ಕೆ ಮುಖ ಮಾಡಿ ಕೂತು ವೀಳ್ಯ ಬದಲಾಯಿಸಿದೆವು. ರಾಹುಕಾಲಕ್ಕೆ ಇನ್ನೂ ಐದು ನಿಮಿಷವಿತ್ತು.

ಹೋದ ಜೀವ ಬಂದದ್ದೇ ತಡ, ನನ್ನ ಎದೆ ಮತ್ತೆ ಉಬ್ಬಿತು. ಅಲ್ಲವೇ ಮತ್ತೆ? ಗಂಟಲು ಹರಿದುಕೊಂಡರಷ್ಟೇ ಕೇಳುವ ಮುದುಕಿಗೆ ಪಿಸುಮಾತು ಕೇಳಿಸಿ ಮದುವೆ ಉಳಿಸಿದ್ದು ನಾನು ಆರಿಸಿ ತಂದ ಪೀಠ! ಓಣಿಗೆಲ್ಲ ಕೇಳಿಸುವಂತೆ ಕೂಗಿದೆ: "ಅಜ್ಜೀ! ಕುರ್ಚಿ ಹೆಂಗೈತೆ?"

ಮರಿಯವ್ವ ಮುಂದಿನ ಓಣಿಗೂ ಕೇಳಿಸುವಂತೆ ಉತ್ತರ ಕೊಟ್ಟಳು.

"ಕುರ್ಚಿ ಹಾಳಾಗ್ಲಿ ಬಿಡಪ್ಪಾ! ನಿನ್ನ ಹೇಣ್ತಿ ಎಲ್ಲಾ ಹೇಳಿದ್ಲು. ಈ ಹುಚ್ಚು ನಿಂದೊಬ್ಬಂದೇ ಅಂತೆ, ಮನಿತನದಾಗಿಲ್ಲಂತೆ. ಮಗಳು ಒಂದು ಕೂದಲೆಳಿನೂ ನಿನ್ನಂಗಿಲ್ಲ, ಎಲ್ಲಾ ತಾಯಿನ್ನ ಹೋಲ್ತಾಳ ಅಂತ ಮೈಲಾರಲಿಂಗ ದೇವ್ರ ಆಣಿ ಮಾಡಿದ್ಲು. ಅದಕ್ಕೇ ಒಪ್ಪೀನಿ. ನಂದೊಂದೇ ಕರಾರು: ಮದಿವಿ ಸಾಮಾನು ತರಾಕ ಮಾತ್ರ ನಿನ್ನನ್ನ ಕಳಿಸಬಾರ್ದು!"

ಆ ಕರಾರಿಗೆ ಎಲ್ಲರಿಗಿಂತ ಮೊದಲು ಹೂಂ ಎಂದವಳು ನನ್ನ ಮಗಳು.