ಕಾರಿನೊಳಗೆ ಹತ್ತಿದ ಹಳದಿ ದೀಪ

ಗುರುವಾರ ಸಂಜೆ ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದಾಗ ನನಗೆ ಫೋನ್ ಮಾಡಬಾರದು ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. ಕೈಯೆಲ್ಲ ಹುಳಿ, ಸೊಂಟದಲ್ಲಿ ನೋವು. ಆದರೆ ಮನಸ್ಸು ಮಾತ್ರ ಆ ಹೊತ್ತಿನಲ್ಲಿ ಎಷ್ಟು ಪವಿತ್ರವಾಗಿರುತ್ತದೆಂದರೆ, ಇಡೀ ಅಪಾರ್ಟ್‌ಮೆಂಟಿನಲ್ಲಿ ನನ್ನಷ್ಟು ಒಳ್ಳೆಯವಳು ಇನ್ನೊಬ್ಬಳಿಲ್ಲ ಎಂದು ನನಗೇ ಅನ್ನಿಸತೊಡಗುತ್ತದೆ. ದೇವರು ಇಂಥ ಸಮಯ ನೋಡಿಯೇ ನಮ್ಮವರ ಕೈಯಲ್ಲಿ ಫೋನ್ ಮಾಡಿಸುತ್ತಾನೆ.

"ಸರೋಜಾ, ಕಾರಲ್ಲಿ ಹಳದಿ ದೀಪ ಹತ್ತಿಬಿಟ್ಟಿದೆ ಕಣೇ," ಎಂದರು.

"ಹತ್ತಲಿ ಬಿಡ್ರೀ, ಒಳ್ಳೇದೇ ಅಲ್ವಾ?" ಎಂದೆ. ಎದುರಿಗೆ ಅಷ್ಟು ದೀಪಗಳನ್ನು ಇಟ್ಟುಕೊಂಡವಳ ಬಾಯಲ್ಲಿ ಇನ್ನೇನು ಬಂದೀತು? ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. ಮದುವೆಯಾದಾಗಿನಿಂದ ನನಗೆ ಪರಿಚಯವಿರುವ ಉಸಿರು ಅದು.

ನಮ್ಮವರು ಬ್ಯಾಂಕಿನಲ್ಲಿ ಅಧಿಕಾರಿ. ತಿಪಟೂರಿನ ಕಡೆಯವರಾದ ನಾವು ವರ್ಗಾವಣೆಯ ಕೃಪೆಯಿಂದ ವಿಶಾಖಪಟ್ಟಣಕ್ಕೆ ಬಂದು, ಎಂವಿಪಿ ಕಾಲೋನಿಯಲ್ಲಿ ಬೇರು ಬಿಟ್ಟೆವು. ಬೇರು ಚೆನ್ನಾಗಿ ಇಳಿದ ಮೇಲೆ ಬ್ಯಾಂಕಿನವರು ಇವರೊಬ್ಬರನ್ನು ಮಾತ್ರ ಕಿತ್ತು ವಿಜಯವಾಡದಲ್ಲಿ ನೆಟ್ಟರು. ಮಗಳು ಶ್ರಾವ್ಯಳ ಓದು ಇಲ್ಲೇ ಇರುವುದರಿಂದ ನಾನು, ಅವಳು, ನಮ್ಮತ್ತೆ ಇಲ್ಲಿ. ಇವರೂ ಕಾರೂ ಅಲ್ಲಿ. ನಮ್ಮತ್ತೆಗೆ ಸೊಂಟದ ಮೂಳೆಯ ಆಪರೇಷನ್ ಆದಾಗ ನಾನು ಒಂದು ಹರಕೆ ಹೊತ್ತಿದ್ದೆ. ಅವರು ಎದ್ದು ಓಡಾಡುವಂತಾದರೆ ವಿಜಯವಾಡದ ಬೆಟ್ಟದ ಮೇಲಿರುವ ಅಮ್ಮನ ಸನ್ನಿಧಿಗೆ ಕರೆದೊಯ್ದು ಸೀರೆ ಕೊಡುತ್ತೇನೆಂದು. ಅತ್ತೆ ಎದ್ದರು, ಓಡಾಡಿದರು, ನನ್ನ ಸಾರಿನಲ್ಲಿ ಉಪ್ಪು ಕಡಿಮೆ ಎನ್ನುವಷ್ಟು ಚೇತರಿಸಿಕೊಂಡರು. ರೈಲಿನ ಮೆಟ್ಟಿಲು ಹತ್ತುವುದು ಮಾತ್ರ ಆಗದು. ಹಾಗಾಗಿ ಬರುವ ಭಾನುವಾರ ಕಾರಿನಲ್ಲೇ ಹೋಗುವುದೆಂದು ಗೊತ್ತಾಗಿತ್ತು. ಸೀರೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಾಗಿತ್ತು.

ಈಗ ನೋಡಿದರೆ ದೀಪ. ವಿಜಯವಾಡದ ಬೆಂಜ್ ಸರ್ಕಲ್ ದಾಟುವಾಗ ಹತ್ತಿದ್ದು, ಆರಲೇ ಇಲ್ಲವಂತೆ. ಅದಕ್ಕೆ ಎಬಿಎಸ್ ಎಂದು ಹೆಸರು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದುಕೊಂಡು ಗಾಡಿ ಜಾರದ ಹಾಗೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಿಲ್ಲಿಸುವ ಏರ್ಪಾಡು ಎಂದು ಇವರು ವಿವರಿಸಿದರು. ನಾನು ಶ್ರಾವ್ಯಳನ್ನು ಬೆಳೆಸುತ್ತಿರುವುದೂ ಹಾಗೆಯೇ ಆದ್ದರಿಂದ ತಕ್ಷಣ ಅರ್ಥವಾಯಿತು. ಮಾಮೂಲಿ ಬ್ರೇಕ್ ಸರಿಯಾಗೇ ಇದೆ, ಈ ಹಿಡಿದು ಬಿಡುವುದು ಮಾತ್ರ ನಿಂತಿದೆ. ಅಲ್ಲಿನ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ದೀಪವನ್ನಷ್ಟೇ ನೋಡಿ, ಪೂರ್ತಿ ಯೂನಿಟ್ಟೇ ಬದಲಾಯಿಸಬೇಕು ಎಂದರಂತೆ. ಎಷ್ಟಾಗುತ್ತದೆ ಎಂದು ಕೇಳಿದೆ. ಇವರು ಮೊತ್ತವನ್ನು ಇಂಗ್ಲಿಷಿನಲ್ಲಿ ಹೇಳಿದರು. ಕೆಟ್ಟ ಸುದ್ದಿಯನ್ನು ಮಾತ್ರ ಇವರು ಇಂಗ್ಲಿಷಿನಲ್ಲಿ ಹೇಳುವುದು.

"ಅಷ್ಟು ಸುರಿಯೋ ಬದಲು ಮಾರಿಬಿಡೋಣ. ನಾನಂತೂ ಅಮ್ಮನ್ನ ಇದರಲ್ಲಿ ಕೂರಿಸ್ಕೊಂಡು ಹೈವೇಗೆ ಹೋಗೋನಲ್ಲ."

ಆಗ ನಾನೊಂದು ಭಾಷಣ ಮಾಡಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವಸ್ತುವನ್ನು ಜೋಪಾನ ಮಾಡುವ ಗುಣ ನಿಮ್ಮ ವಂಶದಲ್ಲೇ ಇಲ್ಲ, ಹಳ್ಳ ನೋಡದೆ ಓಡಿಸಿರುತ್ತೀರಿ, ಯಾರ ಕೈಗೋ ಕೊಟ್ಟು ಪೈಪಿನಲ್ಲಿ ನೀರು ಹೊಡೆಸಿರುತ್ತೀರಿ, ನಾನು ಹತ್ತಿರವಿದ್ದಿದ್ದರೆ ಹೀಗಾಗುತ್ತಿರಲಿಲ್ಲ, ಇತ್ಯಾದಿ. ಫೋನ್ ಇಟ್ಟ ಮೇಲೆ ಶ್ರಾವ್ಯ, "ಅಬ್ಬಾ ಅಮ್ಮಾ, ಊರಿಕೇ ಟೆನ್ಷನ್ ಪಡ್ತೀಯ," ಎಂದಳು. ಸುಮ್ಮಸುಮ್ಮನೆ ಎನ್ನಲು ಊರಿಕೇ; ಅವಳ ಕನ್ನಡ ಈಗ ಹೀಗೆ, ತೆಲುಗಿನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆಯುತ್ತದೆ. ನಾನು ದೀಪಗಳ ಕಡೆ ತಿರುಗಿದೆ. ಹತ್ತಿದ್ದು ಹಳದಿ, ಕೆಂಪಲ್ಲ. ಅಷ್ಟರ ಮಟ್ಟಿಗೆ ಅಮ್ಮನ ದಯೆ.

ಶುಕ್ರವಾರ ಇವರು ನಿಧಾನವಾಗಿ ಓಡಿಸಿಕೊಂಡು ವಿಶಾಖಪಟ್ಟಣದ ಮನೆ ಸೇರಿದರು. ಶನಿವಾರ ಬೆಳಗ್ಗೆ ನಮ್ಮ ಬೀದಿಯ ಮೆಕ್ಯಾನಿಕ್ ಅಪ್ಪಲರಾಜು ಬಂದ. ಇವನ ಬಾಯಿ ಯಾವಾಗಲೂ ಕೈಗಿಂತ ಮುಂದೆ ಓಡುತ್ತದೆ. ಬಾನೆಟ್ ತೆರೆಯುವ ಮೊದಲೇ ಫ್ಯೂಸ್ ಎಂದ. ಫ್ಯೂಸ್ ಚೆನ್ನಾಗಿತ್ತು. ಹಾಗಾದರೆ ಬ್ಯಾಟರಿ ಎಂದ. ಅದೂ ಚೆನ್ನಾಗಿತ್ತು. ಕೊನೆಗೆ ಒಂದು ಪುಟ್ಟ ಮಿಷನ್ ತಂದು ಸ್ಟಿಯರಿಂಗಿನ ಕೆಳಗೆ ಚುಚ್ಚಿ, "ವೆನಕ ಎಡಮ ಚಕ್ರಂ ಸಾರ್, ಸೆನ್ಸರ್," ಎಂದು, ಮೊದಲಿನಿಂದಲೂ ತಾನು ಹೇಳುತ್ತಿದ್ದುದು ಅದನ್ನೇ ಎಂಬಂತೆ ನಮ್ಮನ್ನು ನೋಡಿದ. ಪ್ರತಿ ಚಕ್ರದ ಹತ್ತಿರವೂ ಅದರ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದಂತೆ. ಹಿಂದಿನ ಎಡಚಕ್ರದ್ದು ಮಾತಾಡುತ್ತಿಲ್ಲ.

ಹಿಂದಿನ ಎಡಚಕ್ರ ಎಂದೊಡನೆ ನಾನು ಮೆಲ್ಲಗೆ ಕಾರಿನ ಇನ್ನೊಂದು ಪಕ್ಕಕ್ಕೆ ಸರಿದೆ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಕಾರು ಕೊಂಡ ಹೊಸದರಲ್ಲಿ ಅದರ ಮುಂಭಾಗಕ್ಕೆ ನಾನೊಂದು ದೃಷ್ಟಿಬೊಂಬೆ ಕಟ್ಟಿದ್ದೆ. ಅದರ ನಾಲಿಗೆ ಇಳಿಬಿದ್ದು ನಂಬರ್ ಪ್ಲೇಟು ಮುಚ್ಚಿ, ಇವರು ಪೊಲೀಸರಿಗೆ ದಂಡ ಕಟ್ಟಿದ್ದರು. "ಇನ್ಮೇಲೆ ಕಾರಿನ ಮುಂದೆ ಏನೂ ಕಟ್ಟಕೂಡದು," ಎಂದು ಆಜ್ಞೆಯಾಯಿತು. ಹಿಂದೆ ಕಟ್ಟಕೂಡದು ಎಂದೇನೂ ಹೇಳಿರಲಿಲ್ಲ. ಇವರು ಕಾರನ್ನು ವಿಜಯವಾಡಕ್ಕೆ ಒಯ್ಯುವ ದಿನ, ಕಪ್ಪು ದಾರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ, ರಂಗೋಲಿ ಹಾಕುವ ನೆಪದಲ್ಲಿ ಕೆಳಗಿಳಿದು ಚಕ್ರದ ಹಿಂದೆ ಕೈ ತೂರಿಸಿದೆ. ಅಲ್ಲೊಂದು ಕಪ್ಪು ಹುರಿಯಂಥದ್ದು ಕೈಗೆ ಸಿಕ್ಕಿತು. ಇಂಥದನ್ನು ಕಟ್ಟಲೆಂದೇ ಕಂಪನಿಯವರು ಬಿಟ್ಟಿದ್ದಾರೆ, ಅವರಲ್ಲೂ ದೈವಭಕ್ತರಿದ್ದಾರೆ ಎಂದು ಸಂತೋಷಪಟ್ಟು ಮೂರು ಗಂಟು ಹಾಕಿದ್ದೆ.

ಅಪ್ಪಲರಾಜು ಚಕ್ರ ಕಳಚಿದ. ಕಪ್ಪು ದಾರ ತಿರುಗುವ ಭಾಗಕ್ಕೆ ಸುತ್ತಿಕೊಂಡು, ಸೆನ್ಸರಿನ ವೈರನ್ನು ಜಗ್ಗಿ ಜಗ್ಗಿ, ಅದರ ಕೊಂಡಿಯನ್ನು ಅರ್ಧ ಕಿತ್ತಿತ್ತು. ತುದಿಯಲ್ಲಿ ಅಡಿಕೆಯಂತೆ ಒಣಗಿದ ನಿಂಬೆಹಣ್ಣು. ನಮ್ಮವರು ಬಗ್ಗಿ ನೋಡಿದರು.

"ಸರೋಜಾ, ಇದು ಕಂಪನಿ ಫಿಟಿಂಗಾ?"

ನಾನು ಸೆರಗು ಸರಿಮಾಡಿಕೊಂಡೆ. ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ನನ್ನ ಸಹಾಯಕ್ಕೆ ಬಂದರು: "ಹಣ್ಣು ಹೆಂಗೆ ಒಣಗೈತೆ ನೋಡೋ! ದೃಷ್ಟಿನೆಲ್ಲಾ ಎಳ್ಕೊಂಡ್‌ಬಿಟ್ಟೈತೆ."

"ದೃಷ್ಟಿ ಅಲ್ಲಮ್ಮಾ, ವೈರ್ ಎಳ್ಕೊಂಡಿದೆ," ಎಂದರು ಇವರು. ಅಪ್ಪಲರಾಜುವಿಗೆ, "ಕತ್ತರಿಸಿ ಬಿಸಾಕಯ್ಯ," ಎಂದು ತೆಲುಗಿನಲ್ಲಿ ಹೇಳಿದರು.

ಅಷ್ಟು ಹೊತ್ತು ಅಷ್ಟೆಲ್ಲ ಮಾತಾಡಿದ್ದ ಅಪ್ಪಲರಾಜು ಕತ್ತರಿ ಕೆಳಗಿಟ್ಟು ಹಿಂದೆ ಸರಿದ. "ವದ್ದು ಸಾರ್. ಕಟ್ಟಿನವಾಳ್ಳೇ ತೀಯಾಲಿ." ಕಟ್ಟಿದವರೇ ಬಿಚ್ಚಬೇಕಂತೆ, ಬೇರೆಯವರ ದೃಷ್ಟಿದಾರ ತಾನು ಮುಟ್ಟುವುದಿಲ್ಲವಂತೆ, ತನಗೂ ಹೆಂಡತಿ ಮಕ್ಕಳಿದ್ದಾರಂತೆ. ಹೀಗೆ ಬೆಳಗಿನ ಹೊತ್ತು, ವಾಚ್‌ಮನ್ನು, ಮೇಲಿನ ಮನೆಯವರು, ಹಾಲಿನವನು ಎಲ್ಲರ ಸಮಕ್ಷಮದಲ್ಲಿ ನಾನು ನೆಲಕ್ಕೆ ಕೂತು, ಅಮ್ಮಾ ತಾಯಿ ತಪ್ಪಾಯಿತು ಎಂದುಕೊಂಡು ದಾರ ಬಿಚ್ಚಿದೆ. ನನ್ನ ಗಂಟು ಇಷ್ಟು ಗಟ್ಟಿ ಎಂದು ಅವತ್ತೇ ಗೊತ್ತಾದದ್ದು. ಕಾರು ಕಾಯಲು ಕಂಪನಿಯವರು ಒಂದು ರಕ್ಷೆ ಇಟ್ಟಿದ್ದರು, ನಾನೊಂದು ಇಟ್ಟೆ. ಎರಡೂ ಒಂದೇ ಚಕ್ರದಲ್ಲಿ ಸಂಸಾರ ಮಾಡಲಾರದೆ ಹೋದವು.

ಆಮೇಲಿನದು ಸುಲಭ. ಅಪ್ಪಲರಾಜು ಸೆನ್ಸರಿನ ತುದಿ ಬ್ರಷ್ಷಿನಿಂದ ಒರೆಸಿ, ಕೊಂಡಿ ಒತ್ತಿ ಕೂರಿಸಿ, ಮಿಷನ್ನಿನಲ್ಲಿ ಹಳೆಯ ದೂರನ್ನು ಅಳಿಸಿದ. ಕಾರು ಕಾಲೋನಿಯಲ್ಲಿ ಒಂದು ಸುತ್ತು ಹೊಡೆದು ಬಂತು. ದೀಪ ಆರಿತ್ತು. ಅವನು ಕೇಳಿದ ಕೂಲಿಗೆ ಒಂದು ಹರಕೆಯ ಸೀರೆಯ ಅಂಚೂ ಬರುತ್ತಿರಲಿಲ್ಲ. ನಮ್ಮವರ ಮುಖ ಅರಳಿತು. ಮಾರುವ ಮಾತು ಮರೆತು, "ನಾಳೆ ಬೆಳಗ್ಗೆ ಹೊರಡೋಣಮ್ಮಾ," ಎಂದು ಅತ್ತೆಯ ಕೈಹಿಡಿದು ಎಬ್ಬಿಸಿದರು. ನನ್ನ ಆ ಭಾಷಣವನ್ನು ಎತ್ತಿ ಆಡಲೇ ಇಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪಲರಾಜು ಸಾಮಾನು ಕಟ್ಟಿಕೊಂಡು ಗೇಟಿನ ತನಕ ಹೋಗಿದ್ದ. ನಾನು ಕೂಗಿ ಕರೆದೆ.

"ಆ ಕಡೆ ಬಲಗಡೆ ಚಕ್ರಾನೂ ಒಂದ್ಸಲ ಬಿಚ್ಚಿಸ್ರೀ," ಎಂದೆ ಇವರಿಗೆ.

"ಯಾಕೆ? ಅದು ಸರಿ ಇದೆ ಅಂತ ಮಿಷನ್ನೇ ಹೇಳಿತಲ್ಲ."

"ಮಿಷನ್ನಿಗೆ ಇವತ್ತು ಬೆಳಗ್ಗೇದು ಗೊತ್ತಿಲ್ಲ."

ಹಳದಿ ದೀಪದ ಸುದ್ದಿ ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ಒಂದು ರಕ್ಷೆ ಸಾಲದಾಯಿತು ಎಂದು ತೀರ್ಮಾನಿಸಿ, ಬೆಳಗ್ಗೆ ರಂಗೋಲಿಗೆಂದು ಇಳಿದಾಗಲೇ ಇನ್ನೊಂದು ಕಟ್ಟಿ ಬಂದಿದ್ದೆ. ಮತ್ತೆ ಆ ಉದ್ದನೆಯ ಉಸಿರು ಕೇಳಿಸಿತು, ಈ ಸಲ ಹತ್ತಿರದಿಂದ. ಶ್ರಾವ್ಯ ಫೋನಿನಲ್ಲಿ ಫೋಟೋ ತೆಗೆದಳು. ನಾನು ಮತ್ತೆ ನೆಲಕ್ಕೆ ಕೂತೆ. ಈ ದಾರ ಇನ್ನೂ ಹೊಸದು, ಬೇಗ ಬಿಚ್ಚಿಕೊಂಡಿತು. ಅದೂ ಅಮ್ಮನ ದಯೆಯೇ.

ಮೇಲೆ ಬಂದು ಕೈತೊಳೆದು, ದಾರಿಗೆ ಚಿತ್ರಾನ್ನ ಮಾಡೋಣವೆಂದು ಬುಟ್ಟಿಗೆ ಕೈಹಾಕಿದೆ. ನಿಂಬೆಹಣ್ಣು ಒಂದೂ ಉಳಿದಿರಲಿಲ್ಲ. ಬಿಚ್ಚಿ ತಂದದ್ದನ್ನು ತಿನ್ನುವ ಹಾಗಿಲ್ಲ. ಇವರನ್ನು ಅಂಗಡಿಗೆ ಕಳಿಸಲು ಆ ಹೊತ್ತಿನಲ್ಲಿ ಬಾಯಿ ಬರಲಿಲ್ಲ. ದೀಪ ತಿಕ್ಕಲು ತೆಗೆದಿಟ್ಟಿದ್ದ ಹುಣಸೆಹಣ್ಣು ಡಬ್ಬಿಯಲ್ಲಿ ಮಿಕ್ಕಿತ್ತು. ಪುಳಿಯೋಗರೆಗೆಂದು ಅದನ್ನೇ ನೆನೆಹಾಕಿದೆ.