ಅಣ್ಣನ ಸಮಸ್ಯೆಗಳು

ಮಾವಳ್ಳಿಯ ಹೈಸ್ಕೂಲಿನಲ್ಲಿ ನನ್ನ ಅಣ್ಣನಿಗೆ ಸಂಬಳ ಕೊಡುವುದು ಕಲಿಸುವುದಕ್ಕೋ ಕನಸು ಕಾಣುವುದಕ್ಕೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ನಿಂತುಬಿಡುತ್ತಾನೆ. ಈಚೆ ತಿರುಗಿದನೆಂದರೆ ಮಕ್ಕಳಿಗೊಂದು ಸಮಸ್ಯೆ ಸಿದ್ಧ!

ಒಮ್ಮೆ ಹೀಗೆ ಕೊಟ್ಟ: ದೋಣಿ ತುಂಬ ಬಂಗಡೆ, ಐಸು ಕರಗುತ್ತಿದೆ, ಒಯ್ಯುವುದು ಭಟ್ಕಳಕ್ಕೋ ಹೊನ್ನಾವರಕ್ಕೋ? ಮಕ್ಕಳು ಮನೆಯಲ್ಲಿ ಕೇಳಿದರು, ಮನೆಯವರು ಮೀನುಪೇಟೆಯಲ್ಲಿ ಕೇಳಿದರು. ಸಂಜೆಯೊಳಗೆ ಊರೇ ಎರಡು ಪಕ್ಷವಾಗಿ, ಪಕ್ಕದ ಮನೆಯವರು ನಮಗೆ ಮೊಸರಿನ ಹೆಪ್ಪು ಕೊಡುವುದನ್ನೂ ನಿಲ್ಲಿಸಿದರು. ಸರಿಯುತ್ತರ ಯಾವುದೆಂದು ಅಣ್ಣನನ್ನು ಕೇಳಿದರೆ, "ಎಲ್ಲರೂ ಯೋಚನೆ ಮಾಡಿದ್ರಲ್ಲ, ಆತು" ಎಂದ.

ಆಮೇಲೆ ಶಾಲೆಗೆ ಟ್ಯಾಬ್ ಬಂತು, ಪುಸ್ತಕವೆಲ್ಲ ಅದರೊಳಗೆ. ಬೆರಳು ಒತ್ತಿದರೆ ಉತ್ತರ. ಇನ್ನು ಇವನ ಆಟ ಮುಗಿಯಿತು ಎಂದುಕೊಂಡೆ. ನನ್ನ ಸಂಕಟ ಮಾತ್ರ ಬೇರೆಯೇ ಇತ್ತು. ನನ್ನ ಮಗಳು ಅಣ್ಣನದೇ ತರಗತಿ. ಅವಳ ಅಪ್ಪ ದುಬೈಗೆ ಕೆಲಸಕ್ಕೆ ಹೋದಾಗಿನಿಂದ ಅವಳು ಅವರ ಫೋನಿಗೆ ಬರುತ್ತಿರಲಿಲ್ಲ. ಕರೆದರೆ "ಓದೂದಿದೆ" ಎಂದು ಟ್ಯಾಬಿನಲ್ಲಿ ತಲೆ ಹುದುಗಿಸುತ್ತಿದ್ದಳು. "ಇರಲಿ ಬಿಡು" ಎಂದು ಅವರು ಅಲ್ಲಿಂದ ಹೇಳುತ್ತಿದ್ದರು.

"ಎಂತ ಮಾಡೂದು ಅಣ್ಣ?" ಎಂದು ಕೇಳಿದೆ.

"ನೋಡುವ" ಎಂದು ಕಿಟಕಿಯ ಕಡೆ ತಿರುಗಿದ. ಇಂಥವನ ಹತ್ತಿರ ಗೋಳು ಹೇಳಿಕೊಂಡ ನನಗೆ ಬುದ್ಧಿ ಬೇಡವೇ?

ಮರುದಿನ ಸಮುದ್ರದ ಪಾಠ. ಟ್ಯಾಬಿನಲ್ಲಿ ಸಮುದ್ರದ ವಿಡಿಯೋ ಇತ್ತು. ಅಣ್ಣ ಮಕ್ಕಳನ್ನು ಟ್ಯಾಬ್ ಸಮೇತ ದಂಡೆಗೆ ಕರೆದೊಯ್ದು, "ಪುಸ್ತಕದವ್ರು ಎಂತ ಬಿಟ್ಟಿದಾರೆ, ಹುಡುಕಿ" ಎಂದನಂತೆ. ಹೇಳಿ ತಾನು ಮರಳಿನ ಮೇಲೆ ಮಲಗಿ ಮೋಡ ನೋಡತೊಡಗಿದನಂತೆ. ಸರಕಾರದ ಸಂಬಳ! ಅಷ್ಟರಲ್ಲೇ ಚಪ್ಪಲಿ ಕಳಕೊಂಡ ಹುಡುಗನೊಬ್ಬ, "ಪುಸ್ತಕದ ಸಮುದ್ರ ಚಪ್ಪಲಿ ಒಯ್ಯೂದಿಲ್ಲ ಸರ್" ಎಂದ. ಬಹಳ ಹೊತ್ತು ಅಲೆ ನೋಡುತ್ತ ಕೂತಿದ್ದ ನನ್ನ ಮಗಳು ಮೆಲ್ಲಗೆ, "ಅದಕ್ಕೆ ವಾಸನೆ ಇಲ್ಲ ಮಾವ" ಎಂದಳು.

ಅಣ್ಣ ಎದ್ದು ಕೂತ. "ಎಲ್ಲ ಕಡೆ ಸಮುದ್ರಕ್ಕೂ ಇದೇ ವಾಸನೆಯ?"

"ಗೊತ್ತಿಲ್ಲ."

"ಬೇರೆ ಸಮುದ್ರದ ಹತ್ರ ಇದ್ದವ್ರನ್ನ ಕೇಳ್ಕೊಂಡು ಬಾ. ಇದರಲ್ಲಿ ಒತ್ತಿದ್ರೆ ಸಿಗೂದಿಲ್ಲ."

ಆ ಸಂಜೆ ಫೋನು ಬಡಿದುಕೊಂಡಾಗ ನನಗಿಂತ ಮೊದಲು ಅವಳೇ ಎತ್ತಿದಳು. "ಅಪ್ಪ, ಅಲ್ಲಿ ಸಮುದ್ರಕ್ಕೆ ಎಂತ ವಾಸನೆ?"

ಅವರು, "ನಾ ಇನ್ನೂ ದಂಡೆಗೇ ಹೋಗ್ಲಿಲ್ಲ ಮಗಾ. ಈಗ ಹೋಗ್ತೆ. ನೀ ಫೋನ್ ಇಡಬೇಡ" ಎಂದರು.